ಸಿಯಾಟಲ್‌ನಿಂದ ಮಗಳಿಗೆ ಎರಡು ಗಂಟೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ತಮಾಷೆಯ ಸಂಗತಿಗಳನ್ನು ಹೇಳಲು ಬರುವುದಿಲ್ಲ. ಕೇಳುವವರು ನಗಬೇಕಾದ ಜಾಗ ಬರುವುದಕ್ಕೆ ಮೊದಲೇ ಅದನ್ನು ವಿವರಿಸಲು ಶುರುಮಾಡುತ್ತೇನೆ, ಹಾಗಾಗಿ ಆ ಜಾಗ ಬಂದು ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಇದು ಕೆಲಸದಿಂದ ಅಂಟಿದ ಅಭ್ಯಾಸ ಇರಬೇಕು. ಸಿಯಾಟಲ್ ಪಕ್ಕದ ಬೆಲ್ವ್ಯೂನ ಒಂದು ಕಚೇರಿಯಲ್ಲಿ ನಾನು ರಸ್ತೆಯ ಕೆಳಗಿನ ಮೋರಿಗಳ ವಿನ್ಯಾಸ ಮಾಡುತ್ತೇನೆ. ಮದುವೆಮನೆಯಲ್ಲಿ ಯಾರಾದರೂ ಕೇಳಿದರೆ ಸಿವಿಲ್ ಎಂಜಿನಿಯರ್ ಅನ್ನುತ್ತೇನೆ, ಅದೂ ಸುಳ್ಳಲ್ಲ. ಮೋರಿಯ ವರದಿ ಬರೆಯುವಾಗ ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ ಅನ್ನುವುದನ್ನೂ ಬಿಡದೆ ಬರೆಯಬೇಕು. ಬಿಟ್ಟರೆ ವರದಿ ವಾಪಸ್ಸು ಬರುತ್ತದೆ.

ಆದರೆ ಎರಡು ವಿಮಾನ ನಿಲ್ದಾಣಗಳ ನಡುವೆ ಮೂರು ವರ್ಷ ಓಡಾಡಿದವನಿಗೆ, ಬೇಡವೆಂದರೂ ಇಂಥವು ನಡೆಯುತ್ತಲೇ ಇರುತ್ತವೆ. ಸಿಯಾಟಲ್ ಹೊರವಲಯದ ಲಿನ್‌ವುಡ್‌ನಲ್ಲಿ ನನ್ನ ಪಕ್ಕದ ಮನೆಯಲ್ಲಿ ಮೈಸೂರಿನ ಗಂಡಹೆಂಡಿರಿದ್ದಾರೆ. ಆಕೆ ಇಲ್ಲಿನ ಕನ್ನಡದವರು ಸೇರಿ ತರುವ ಸಂಚಿಕೆಗೆ ಲೇಖನ ಕೂಡಿಸುತ್ತಾರೆ. "ಊಟಕ್ಕೆ ಕೂತಾಗ ಹೇಳ್ತೀರಲ್ಲ, ಅದನ್ನೇ ಬರ್ಕೊಡಿ," ಅಂದರು. "ನಗೋ ಥರ ಇರ್ಲಿ. ಅಳೋ ಥರದ್ದು ಆಗ್ಲೇ ಆರು ಬಂದಿದೆ."

ಸರಿ ಅಂದೆ. ಮೊದಲು ಯಾರು ಯಾರು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗೊಂದಲವಾಗುತ್ತದೆ. ನನಗೆ ಒಬ್ಬಳು ಮಗಳು, ಒಂಬತ್ತು ವರ್ಷ. ಅವಳು ಅವಳಮ್ಮನ ಜೊತೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾಳೆ. ಅವಳಮ್ಮನೂ ನಾನೂ ಬೇರೆಯಾಗಿ ಮೂರು ವರ್ಷವಾಯಿತು. ಜಗಳವೇನಿಲ್ಲ, ಅದು ಮುಗಿದಿದೆ. ತಿಂಗಳಿಗೊಮ್ಮೆ ಒಂದು ವಾರಾಂತ್ಯ ಮಗಳು ನನ್ನವಳು. ನಾನು ಹಾರಿ ಹೋಗಿ ನೋಡಿಕೊಂಡು ಬರುತ್ತೇನೆ. ಈಗ ಅವಳಮ್ಮನಿಗೆ ಬೋಸ್ಟನ್‌ನಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ, ಬೇಸಿಗೆಗೆ ಹೊರಡುವ ಯೋಚನೆ. ಬೋಸ್ಟನ್ ಈ ದೇಶದ ಆ ಕಡೆಯ ತುದಿ, ನಾನಿರುವುದು ಈ ಕಡೆಯ ತುದಿ. ಅಲ್ಲಿಗೆ ತಿಂಗಳು ತಿಂಗಳು ಹೋಗಿಬರುವುದು ನನ್ನಿಂದಾಗುವ ಮಾತಲ್ಲ. ಮಗಳು ಒಬ್ಬಳೇ ವಿಮಾನದಲ್ಲಿ ಬರುವಂತಾದರೆ ರಜೆ ಬಂದಾಗೆಲ್ಲ ನನ್ನ ಹತ್ತಿರ ಕಳಿಸುವುದು, ಹೆದರಿ ಅತ್ತರೆ ವರ್ಷಕ್ಕೊಮ್ಮೆ ಅಮ್ಮನೇ ಕರೆದುಕೊಂಡು ಬರುವುದು. ಹೀಗಂತ ಮಾತಾಗಿದೆ. ಆ ಪರೀಕ್ಷೆ ಇವತ್ತು. ಅವಳು ಸ್ಯಾನ್ ಹೋಸೆಯಿಂದ ಮೊದಲ ಸಲ ಒಬ್ಬಳೇ ಹೊರಟಿದ್ದಾಳೆ. ನಾನು ಸಿಯಾಟಲ್ ವಿಮಾನ ನಿಲ್ದಾಣದಲ್ಲಿ ಕೂತು, ಕೈ ಸುಮ್ಮನಿರದೆ, ಇದನ್ನು ಬರೆಯುತ್ತಿದ್ದೇನೆ.

ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಮಾತನ್ನು ನಾನೇ ಕನ್ನಡಕ್ಕೆ ತಂದು ಬರೆದಿದ್ದೇನೆ. ಏನಾದರೂ ತಪ್ಪಿದ್ದರೆ ನನ್ನದು.

ಎರಡು ಸಿನಿಮಾ

ಅವರಿಬ್ಬರೂ ಸ್ಯಾನ್ ಹೋಸೆಗೆ ಹೋಗುವುದು ಗಟ್ಟಿಯಾದಾಗ ನಾನು ಮಾಡಿದ ಮೊದಲ ಕೆಲಸ, ಎಷ್ಟು ದೂರ ಅಂತ ನೋಡಿದ್ದು. ಇದಕ್ಕಂತಲೇ ವೆಬ್‌ಸೈಟುಗಳಿವೆ. ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ನಡುವಿನ ದೂರ, ಹಾರಲು ಬೇಕಾದ ಸಮಯ, ಎಲ್ಲ ಹೇಳುತ್ತವೆ. ನಕ್ಷೆಯ ಮೇಲೆ ಒಂದು ಗೆರೆಯನ್ನೂ ಎಳೆದು ತೋರಿಸುತ್ತವೆ. ಆ ಗೆರೆ ಸ್ವಲ್ಪ ಬಾಗಿರುತ್ತದೆ, ಯಾಕೆಂದರೆ ಭೂಮಿ ದುಂಡಗಿದೆ. ಸುಮಾರು ಏಳುನೂರು ಮೈಲಿ, ಎರಡು ಗಂಟೆ ಅಂತ ಬಂತು. ಏಳುನೂರು ನೋಡಿ ಎದೆ ಝಲ್ಲೆಂದಿತು, ಎರಡು ನೋಡಿ ಸಮಾಧಾನವಾಯಿತು.

ಮಗಳಿಗೆ ಆಗ ಆರು ವರ್ಷ. ಗಂಟೆಯ ಲೆಕ್ಕ ತಿಳಿಯದು. ಅವಳ ಭಾಷೆಯಲ್ಲೇ ಹೇಳೋಣ ಅಂತ, "ಪುಟ್ಟಿ, ಅಪ್ಪ ಬರೀ ಎರಡು ಗಂಟೆ ದೂರದಲ್ಲಿರ್ತಾನೆ. ಎರಡು ಗಂಟೆ ಅಂದ್ರೆ ನಿನ್ನ ಎರಡು ಕಾರ್ಟೂನ್ ಸಿನಿಮಾ ಅಷ್ಟೇ," ಅಂದೆ. ಸಿನಿಮಾ ಒಂದೂವರೆ ಗಂಟೆ ಇರುತ್ತದೆ, ಎರಡು ಅಂದರೆ ಮೂರು ಗಂಟೆಯಾಗುತ್ತದೆ. ಆದರೆ ನಿಲ್ದಾಣದಿಂದ ಮನೆಗೆ ಬರುವ ಸಮಯವನ್ನೂ ಸೇರಿಸಿಕೊಂಡೇ ಹೇಳಿದ್ದೆ.

ಅವರು ಹೋದ ಮೊದಲ ಶನಿವಾರ ಬೆಳಿಗ್ಗೆ ವಿಡಿಯೊ ಕಾಲ್‌ನಲ್ಲಿ ಮಾತಾಡಿದೆವು. "ಬಾ" ಅಂದಳು. "ಬರ್ತೀನಿ" ಅಂದೆ. ಕರೆದ ಮಗುವಿಗೆ ಇನ್ನೇನು ಹೇಳುವುದು? ಮುಂದಿನ ತಿಂಗಳು ಅನ್ನುವುದನ್ನು ಸೇರಿಸಲು ಬಾಯಿ ಬರಲಿಲ್ಲ.

ಸಂಜೆ ಅವಳಮ್ಮನ ಫೋನು. ಮದುವೆಯಾಗಿದ್ದಾಗ ಆಕೆ ನನ್ನನ್ನು ನೀನು ಅನ್ನುತ್ತಿದ್ದಳು, ಬೇರೆಯಾದ ಮೇಲೆ ನೀವು ಅನ್ನುತ್ತಾಳೆ. ಗೌರವ ಹೆಚ್ಚಿತು ಅಂತ ಯಾರೂ ತಿಳಿಯಬಾರದು.

"ಮಗೂಗೆ ಏನು ಹೇಳಿದೀರಿ ನೀವು?"

"ಏನೂ ಇಲ್ವಲ್ಲ, ಯಾಕೆ?"

"ಬೆಳಿಗ್ಗೆಯಿಂದ ಶೂ ಹಾಕ್ಕೊಂಡು ಬಾಗಿಲ ಹತ್ರ ಕೂತು ಎರಡು ಸಿನಿಮಾ ನೋಡಿದಾಳೆ. ಸಾಕು, ಆಫ್ ಮಾಡು ಅಂದ್ರೆ, ಮೂರನೇದು ಹಾಕು ಅಂತ ಹಠ. ಅಪ್ಪನ ಫ್ಲೈಟ್ ಲೇಟಂತೆ."

ಎಷ್ಟು ದೂರ

ಇದು ಚಿಕ್ಕದು. ನಮ್ಮ ಕಡೆಯವರಿಗೆ ದೂರವನ್ನು ಮೈಲಿಯಲ್ಲಿ, ಕಿಲೋಮೀಟರಿನಲ್ಲಿ ಹೇಳಿ ಅಭ್ಯಾಸವಿಲ್ಲ. "ಮನೆ ಎಷ್ಟು ದೂರ?" ಅಂದರೆ "ಮುಕ್ಕಾಲು ಗಂಟೆ" ಅನ್ನುತ್ತೇವೆ. ಗಂಟೆಯನ್ನು ದೂರದ ಅಳತೆಯಾಗಿ ಬಳಸಬಾರದು, ನಾನೂ ಬಳಸುತ್ತೇನೆ.

ಪಕ್ಕದ ಮನೆಯ ಮೈಸೂರಿನವರ ಬಗ್ಗೆ ಹೇಳಿದೆನಲ್ಲ, ಆ ಮನೆಯ ಯಜಮಾನರು ಮೈಸೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಹತ್ತು ವರ್ಷ ದುಡಿದು ಇಲ್ಲಿಗೆ ಬಂದವರು. ರೆಡ್ಮಂಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ನನ್ನ ಪರಿಚಯವಾದ ದಿನ, "ಮಗಳು ಎಷ್ಟು ದೂರದಲ್ಲಿದಾಳೆ ಸಾರ್?" ಅಂತ ಕೇಳಿದರು.

"ಎರಡು ಗಂಟೆ," ಅಂದೆ. ನನ್ನ ಭುಜದ ಮೇಲೆ ಕೈಯಿಟ್ಟರು.

"ಬೇಜಾರು ಮಾಡ್ಕೋಬೇಡಿ. ನಾನು ವೈಟ್‌ಫೀಲ್ಡಲ್ಲಿದ್ದೆ, ನಮ್ಮಕ್ಕ ಕೆಂಗೇರೀಲಿ. ಅದೂ ಎರಡು ಗಂಟೆನೇ. ನಾಲ್ಕು ವರ್ಷದಲ್ಲಿ ಎರಡು ಸಲ ನೋಡಿದೀನಿ. ನೀವೇ ವಾಸಿ."

ಮುಂಚೆ ಹೊರಟ ಚೀಲ

ಒಂದು ಸಲ ಮಗಳ ಶಾಲೆಗೆ ಶುಕ್ರವಾರವೂ ರಜೆ ಇತ್ತು. ಒಂದು ದಿನ ಹೆಚ್ಚು ಸಿಗುತ್ತದೆ ಅಂತ ಗುರುವಾರವೇ ಹೋಗಲು ಟಿಕೆಟ್ ತೆಗೆದೆ. ಮೈಸೂರಿನಲ್ಲಿರುವ ನಮ್ಮ ಸೋದರತ್ತೆಗೆ ಇದನ್ನು ಹೇಳಿದ್ದೇ ತಪ್ಪಾಯಿತು.

"ಗುರುವಾರ ದಕ್ಷಿಣಕ್ಕೆ ಹೊರಡ್ತಾರೇನೋ? ಶೂಲೆ ಕಣೋ!" ಅಂದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದೊಂದು ದಿನ ಒಂದೊಂದು ದಿಕ್ಕಿಗೆ ಶೂಲೆ ಇರುತ್ತದೆ, ಆ ದಿನ ಆ ದಿಕ್ಕಿಗೆ ಪ್ರಯಾಣ ಒಳ್ಳೆಯದಲ್ಲ ಅಂತ ಹಿರಿಯರ ನಂಬಿಕೆ. ನಾನು ನಕ್ಷೆ ನೋಡಿ, "ಅತ್ತೆ, ಸ್ಯಾನ್ ಹೋಸೆ ನೇರ ದಕ್ಷಿಣಕ್ಕಿಲ್ಲ, ಒಂಚೂರು ಪೂರ್ವಕ್ಕೆ ವಾಲಿದೆ," ಅಂದೆ.

"ಶೂಲೆಗೇನು ನಿನ್ನ ನಕ್ಷೆ ಗೊತ್ತಾ? ಹೋಗ್ಲೇಬೇಕು ಅಂದ್ರೆ ಬುಧವಾರವೇ ಪರಸ್ಥಾನ ಇಡು."

ಇದನ್ನೂ ಹೇಳಬೇಕು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮೊದಲೇ ಒಳ್ಳೆಯ ಹೊತ್ತಿನಲ್ಲಿ ನಮ್ಮ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊರಟರೆ ನಾವೂ ಹೊರಟಂತೆ. ಮರುದಿನ ಅಲ್ಲಿಂದ ಎತ್ತಿಕೊಂಡು ಹೋಗುವುದು. ಇದನ್ನೇ ಪರಸ್ಥಾನ ಅನ್ನುತ್ತಾರೆ. ಒಂದು ನಿಯಮ ಏನೆಂದರೆ, ಒಮ್ಮೆ ಹೊರಗೆ ಹೋದ ಗಂಟು ಮತ್ತೆ ಮನೆಯೊಳಗೆ ಬರಬಾರದು.

ನನಗೆ ನಂಬಿಕೆ ಅಷ್ಟಿಲ್ಲ. ಆದರೆ ಮಗಳನ್ನು ನೋಡಲು ಹೋಗುವಾಗ ಯಾಕೆ ಸುಮ್ಮನೆ ಪರೀಕ್ಷೆ ಮಾಡುವುದು? ಬುಧವಾರ ಸಂಜೆ ನನ್ನ ಚೀಲ ಕೊಂಡುಹೋಗಿ ಪಕ್ಕದ ಮನೆಯಲ್ಲಿ ಇಟ್ಟುಬಂದೆ. ಅದರಲ್ಲಿ ನನ್ನ ಬಟ್ಟೆಗಿಂತ ಹೆಚ್ಚಾಗಿ ಮಗಳ ಸಾಮಾನಿತ್ತು. ಹಸಿರು ಲಂಗ, ಕೋಡುಬಳೆ, ಬಣ್ಣದ ಪೆನ್ಸಿಲ್ಲು. ಮೈಸೂರಿನವರಿಗೆ ಈ ಶಾಸ್ತ್ರ ಗೊತ್ತಿತ್ತು, ಅದೇ ತೊಂದರೆಯಾಯಿತು. ಗೊತ್ತಿಲ್ಲದಿದ್ದರೆ ಚೀಲವನ್ನು ಸೋಫಾದ ಮೇಲೆ ಬಿಟ್ಟಿರುತ್ತಿದ್ದರು. "ವಾಪಸ್ ಒಳಗೆ ಬರಬಾರದಲ್ವಾ, ಕಾರಲ್ಲೇ ಇಡ್ತೀನಿ, ಬೆಳಿಗ್ಗೆ ನಾನೇ ನಿಮ್ಮನ್ನ ಟ್ರೇನ್ ಸ್ಟೇಷನ್‌ಗೆ ಬಿಡ್ತೀನಿ," ಅಂದು ಡಿಕ್ಕಿಯಲ್ಲಿಟ್ಟರು.

ಬೆಳಿಗ್ಗೆ ನಾನು ಅವರ ಬಾಗಿಲು ಬಡಿದೆ. ಅವರ ಹೆಂಡತಿ ಬಂದರು.

"ಅಯ್ಯೋ, ಅವರು ಆಗ್ಲೇ ಆಫೀಸ್‌ಗೆ ಹೋದ್ರಲ್ಲ! ಏನೋ ಅರ್ಜೆಂಟ್ ಮೀಟಿಂಗ್ ಅಂತ ಓಡಿದ್ರು."

ಫೋನ್ ಮಾಡಿದರೆ ಅವರು ರೆಡ್ಮಂಡ್ ತಲುಪಿದ್ದರು. "ಸಾರ್, ಕ್ಷಮಿಸಿ, ಮರ್ತೇಬಿಟ್ಟೆ. ಈಗ ತಿರುಗಿ ಬರ್ಲಾ?" ಅಂದರು. ರೆಡ್ಮಂಡ್ ಒಂದು ಕಡೆ, ವಿಮಾನ ನಿಲ್ದಾಣ ಇನ್ನೊಂದು ಕಡೆ. ಅವರು ಬರುವಷ್ಟರಲ್ಲಿ ವಿಮಾನ ಹೋಗಿರುತ್ತದೆ. ಬೇಡ ಅಂದು ಬರಿಗೈಯಲ್ಲಿ ವಿಮಾನ ನಿಲ್ದಾಣಕ್ಕೆ ಹೋಗುವ ಟ್ರೇನ್ ಹತ್ತಿದೆ.

ಸ್ಯಾನ್ ಹೋಸೆಯಲ್ಲಿ ಮಗಳು ಓಡಿಬಂದು ತಬ್ಬಿಕೊಂಡಳು. ಆಮೇಲೆ ನನ್ನ ಎರಡು ಕೈ ನೋಡಿದಳು. ಬಗ್ಗಿ ಬೆನ್ನ ಹಿಂದೆ ನೋಡಿದಳು. "ಈ ಸಲ ನೀನು ಇವತ್ತೇ ವಾಪಸ್ ಹೋಗ್ತೀಯಾ?" ಅಂತ ಕೇಳಿದಳು. ಚೀಲವಿಲ್ಲದೆ ಬಂದವರು ಉಳಿಯುವುದಿಲ್ಲ ಅಂತ ಅವಳ ಲೆಕ್ಕ. ಇಲ್ಲ, ಭಾನುವಾರದವರೆಗೆ ಇರುತ್ತೇನೆ ಅಂತ ನಂಬಿಸಲು ಅಂಗಡಿಗೆ ಹೋಗಿ ಅವಳೆದುರೇ ಹಲ್ಲುಜ್ಜುವ ಬ್ರಷ್ ಕೊಳ್ಳಬೇಕಾಯಿತು.

ಅಷ್ಟರಲ್ಲಿ ಅತ್ತೆಯ ಫೋನು. "ತಲುಪಿದ್ಯೇನೋ?"

"ನಾನು ತಲುಪಿದೆ ಅತ್ತೆ. ಚೀಲ ರೆಡ್ಮಂಡಲ್ಲಿದೆ."

ಎಲ್ಲ ಹೇಳಿದೆ.

"ಚೀಲಕ್ಕೇನೂ ಆಗಲ್ಲ ಬಿಡು, ಅದು ಒಳ್ಳೆ ಮುಹೂರ್ತದಲ್ಲಿ ಹೊರಟಿದೆ. ನೀನು ಹುಷಾರು."

ದಾರಿ ಕೇಳದವರು

ಕಳೆದ ಚಳಿಗಾಲದ ಮಾತು. ಮಗಳು ಅಷ್ಟರಲ್ಲಿ ವಿಮಾನಗಳನ್ನು ಫೋನಿನಲ್ಲಿ ನೋಡುವುದು ಕಲಿತಿದ್ದಳು. ಯಾವ ವಿಮಾನ ಈಗ ಎಲ್ಲಿದೆ ಅಂತ ನಕ್ಷೆಯ ಮೇಲೆ ಹಳದಿ ಬಣ್ಣದ ಪುಟ್ಟ ವಿಮಾನ ಮಾಡಿ ತೋರಿಸುತ್ತಾರಲ್ಲ, ಅದು. ನಾನು ಹೊರಟ ಗಳಿಗೆಯಿಂದ ಅವಳು ಅಮ್ಮನ ಫೋನು ಹಿಡಿದು ಕೂರುತ್ತಿದ್ದಳಂತೆ. ಪಾತ್ರೆ ತೊಳೆಯುತ್ತಿದ್ದ ಅಮ್ಮನಿಗೆ, "ಅಪ್ಪ ಈಗ ಬೆಟ್ಟ ದಾಟಿದ," "ಅಪ್ಪ ಈಗ ಕೆಳಗೆ ಬರ್ತಿದಾನೆ" ಅಂತ ವರದಿ. ಕೇಳಲು ಇಷ್ಟವಿತ್ತೋ ಇಲ್ಲವೋ, ಆಕೆಯೂ ಪ್ರತಿ ತಿಂಗಳು ನನ್ನ ಜೊತೆ ಏಳುನೂರು ಮೈಲಿ ಬರಬೇಕಾಗಿತ್ತು.

ಆ ದಿನ ಸ್ಯಾನ್ ಹೋಸೆಯಲ್ಲಿ ಮಂಜು ಕವಿದಿತ್ತು. ಮಂಜಿದ್ದರೆ ವಿಮಾನಗಳ ನಡುವೆ ಅಂತರ ಹೆಚ್ಚಿಡಬೇಕಾಗುತ್ತದೆ, ಹಾಗಾಗಿ ಕೆಲವನ್ನು ಮೇಲೆಯೇ ಸುತ್ತಿಸುತ್ತಾರೆ. ನಮ್ಮದನ್ನು ಸುತ್ತಿಸಿದರು. ಒಂದು ಸುತ್ತು, ಎರಡು ಸುತ್ತು, ಮೂರು. ಕಡೆಗೆ ಎಣ್ಣೆ ಸಾಲದಾಗಿ ಸ್ಯಾಕ್ರಮೆಂಟೊಗೆ ಒಯ್ದು ಇಳಿಸಿದರು. ಅಲ್ಲಿಂದ ಬಸ್ಸು. ಹತ್ತು ಗಂಟೆಗೆ ಬಾಗಿಲು ಬಡಿಯಬೇಕಾದವನು ಸಂಜೆಗೆ ಬಡಿದೆ. ನನ್ನ ಪಾಲಿನ ಶನಿವಾರ ಅಷ್ಟಕ್ಕೇ ಮುಗಿಯಿತು. ಆ ಬಸ್ಸಿನಲ್ಲಿ ಕೂತು ನಾನು ಏನೇನು ಯೋಚಿಸಿದೆ ಅನ್ನುವುದನ್ನು ಬರೆಯುವುದಿಲ್ಲ, ನಗುವ ಥರದ್ದು ಕೇಳಿದ್ದಾರೆ.

ಬಾಗಿಲು ತೆಗೆದದ್ದು ಮಗಳು. ಮುಖ ಊದಿತ್ತು, ಸೊಂಟದ ಮೇಲೆ ಕೈ.

"ನಾನು ನೋಡ್ತಾನೇ ಇದ್ದೆ. ನೀನು ನಮ್ಮ ಮನೆ ಮೇಲೇ ಬಂದೆ. ಆಮೇಲೆ ಸುತ್ತಿದೆ, ಸುತ್ತಿದೆ, ಸುತ್ತಿದೆ. ಆಮೇಲೆ ಬೇರೆ ಊರಿಗೆ ಹೋದೆ. ನಿನಗೆ ಮನೆ ಗೊತ್ತಾಗಲಿಲ್ವಾ?"

ನಾನು ಮಂಜು, ಅಂತರ, ಎಣ್ಣೆ ಎಲ್ಲ ವಿವರಿಸಲು ಶುರುಮಾಡಿದೆ. ಅವಳು ಕೇಳಲು ತಯಾರಿರಲಿಲ್ಲ.

"ಗೊತ್ತಾಗದೆ ಇದ್ರೆ ಯಾರನ್ನಾದ್ರೂ ಕೇಳಬೇಕು ತಾನೆ?"

ಒಳಗಿನಿಂದ ಅವಳಮ್ಮನ ದನಿ ಬಂತು: "ಕೇಳೋದಾ? ನಿಮ್ಮಪ್ಪ ಯಾವತ್ತು ಯಾರನ್ನ ದಾರಿ ಕೇಳಿದಾರೆ ಪುಟ್ಟಿ? ಮದುವೆ ಛತ್ರಕ್ಕೇ ಒಂದು ಗಂಟೆ ತಡವಾಗಿ ಬಂದವರು. ಇವರದೇ ಮದುವೆ."

ಕುರ್ಚಿ ವಿಮಾನ

ಬೋಸ್ಟನ್ ಸುದ್ದಿ ಬಂದ ಮೇಲೆ ಮತ್ತೆ ಅದೇ ವೆಬ್‌ಸೈಟಿಗೆ ಹೋಗಿ ಹೊಸ ಜೋಡಿ ಹಾಕಿದೆ. ಎರಡೂವರೆ ಸಾವಿರ ಮೈಲಿಯ ಹತ್ತಿರ. ಐದಾರು ಗಂಟೆ. ಅದರಲ್ಲೊಂದು ವಿಚಿತ್ರವಿದೆ. ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹಾಗಾಗಿ ನನ್ನ ಕಡೆಯಿಂದ ಆ ಕಡೆಗೆ ಹೋಗುವಾಗ ಬೇಗ, ಆ ಕಡೆಯಿಂದ ನನ್ನ ಕಡೆಗೆ ಬರುವಾಗ ತಡ. ಮಗಳಿಗೆ ಇದನ್ನು ಹೇಳಿದೆ, ವಿಜ್ಞಾನ ತಿಳಿಯಲಿ ಅಂತ. "ಹಾಗಿದ್ರೆ ನೀನೇ ಬಾ, ನಿನಗೆ ಬೇಗ ಆಗತ್ತೆ," ಅಂದಳು. ವಿಜ್ಞಾನ ಅಲ್ಲಿಗೆ ನಿಂತಿತು.

ನನಗಾಗದು, ಅವಳೇ ಬರಬೇಕು. ಬರುವುದು ಕಲಿಯಬೇಕು. ಅವಳು ಹೆದರದೆ ಬಂದರೆ ಬೋಸ್ಟನ್‌ಗೆ ಹೋಗುವುದು ಅವರಿಗೆ ಸಲೀಸಾಗುತ್ತದೆ, ಅದು ನನಗೆ ಗೊತ್ತಿತ್ತು. ಹೆದರಿದರೂ ಅವರು ಹೋಗುತ್ತಾರೆ, ಆಮೇಲೆ ಅವಳು ಬರುವುದು ವರ್ಷಕ್ಕೊಮ್ಮೆ ಮಾತ್ರ. ಆದ್ದರಿಂದ ಹೆದರದಿರುವುದನ್ನು ನಾನೇ ಕಲಿಸಬೇಕು. ಇದು ಹೇಗಿತ್ತೆಂದರೆ... ಬೇಡ, ಮುಂದೆ ಹೋಗುತ್ತೇನೆ.

ಅಭ್ಯಾಸ ಮಾಡಿಸೋಣ ಅಂದರು ಮೈಸೂರಿನವರು. ಒಂದು ಭಾನುವಾರ ಅವರ ಮನೆಯಲ್ಲಿ ಊಟದ ಕುರ್ಚಿಗಳನ್ನು ಸಾಲಾಗಿ ಹಾಕಿದೆವು. ಫೋನನ್ನು ಒಂದು ಕುರ್ಚಿಯ ಮೇಲೆ ನಿಲ್ಲಿಸಿದೆವು, ಅದರೊಳಗೆ ವಿಡಿಯೊದಲ್ಲಿ ಮಗಳು. ಅಲ್ಲಿ ಅವಳೂ ಒಂದು ಕುರ್ಚಿಯಲ್ಲಿ ಕೂತು, ಅಮ್ಮನ ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡಿದ್ದಳು. ಮುಂದಿನ ಕುರ್ಚಿಯಲ್ಲಿ ಮೈಸೂರಿನವರು ಪೈಲಟ್. ಅವರ ಹೆಂಡತಿ ಗಗನಸಖಿ. ನಾನು ಪಕ್ಕದ ಸೀಟಿನ ಅಪರಿಚಿತ.

"ನಮಸ್ಕಾರ, ನಾನು ನಿಮ್ಮ ಕ್ಯಾಪ್ಟನ್," ಅಂತ ಮೈಸೂರಿನವರು ಮೂಗಿನಲ್ಲಿ ಮಾತಾಡಿದರು. ಮಗಳು ನಕ್ಕಳು. ಗಗನಸಖಿ ಬಂದು ಫೋನಿಗೆ ಒಗ್ಗರಣೆ ಅವಲಕ್ಕಿ ತೋರಿಸಿದರು. "ಗಾಳಿ ಜಾಸ್ತಿ ಇದೆ" ಅಂದಾಗ ಎಲ್ಲರೂ ಅಲುಗಾಡಿದೆವು. ಹತ್ತು ನಿಮಿಷವಾದ ಮೇಲೆ, "ಸರಿ ಪುಟ್ಟಿ, ಸಿಯಾಟಲ್ ಬಂತು," ಅಂದೆ.

"ಎಲ್ಲಿ ಬಂತು? ಎರಡು ಗಂಟೆ ಅಂದಿದ್ದೆ."

ಪರೀಕ್ಷೆಗೆ ಪೂರ್ತಿ ಓದುವ ಮಗು ಅದು. ಅಮ್ಮನ ಹಾಗೆ. ಎರಡು ಗಂಟೆ ಕೂರಲೇಬೇಕು ಅಂದಳು. ಕೂತೆವು. ಗಗನಸಖಿ ರಾತ್ರಿಯ ಅಡುಗೆಗೆ ಎದ್ದು ಹೋದರು. ಪೈಲಟ್ ಮಧ್ಯಾಹ್ನದ ಊಟ ಮಾಡಿ ಕೂತವರು. ಸ್ವಲ್ಪ ಹೊತ್ತಿಗೆ ಅವರ ತಲೆ ವಾಲಿತು, ಗೊರಕೆ ಶುರುವಾಯಿತು.

ಫೋನಿನಿಂದ ಸಣ್ಣ ದನಿ. ಈಗ ನಿಜವಾಗಿ ಹೆದರಿದ್ದಳು. "ಅಪ್ಪ... ಪೈಲಟ್ ನಿದ್ದೆ ಮಾಡ್ತಿದಾರೆ. ವಿಮಾನ ಯಾರು ಓಡಿಸ್ತಿದಾರೆ?"

ಪೈಲಟ್ ಕಣ್ಣು ತೆರೆಯದೆ ಹೇಳಿದರು: "ಭಯ ಬೇಡಮ್ಮ. ಕೋ-ಪೈಲಟ್ ಅಡುಗೆಮನೇಲಿ ಸಾರಿಗೆ ಒಗ್ಗರಣೆ ಹಾಕ್ತಿದಾರೆ."

ವಿಮಾನ ಯಾರು ನೋಡಿಕೊಳ್ಳುತ್ತಾರೆ

ಇವತ್ತಿನದು. ಒಂಟಿಯಾಗಿ ಬರುವ ಮಕ್ಕಳನ್ನು ಕರೆದೊಯ್ಯುವವರಿಗೆ, ವಿಮಾನದ ಬಾಗಿಲವರೆಗೂ ಹೋಗಲು ಒಂದು ಚೀಟಿ ಕೊಡುತ್ತಾರೆ. ಅದನ್ನು ಹಿಡಿದು ತಪಾಸಣೆಯ ಸಾಲಿನಲ್ಲಿ ನಿಂತೆ.

"ಎಲ್ಲಿಗೆ ಹೋಗ್ತಿದೀರಿ?" ಅಂದರು ಅಲ್ಲಿದ್ದವರು.

"ಎಲ್ಲಿಗೂ ಇಲ್ಲ," ಅಂದೆ. ಅದು ಸರಿಯಾದ ಉತ್ತರವಲ್ಲ ಅಂತ ಅವರ ಮುಖ ನೋಡಿ ತಿಳಿಯಿತು. ಆದ್ದರಿಂದ ಎಲ್ಲ ವಿವರಿಸಿದೆ. ಮಗಳು, ಸ್ಯಾನ್ ಹೋಸೆ, ಮೂರು ವರ್ಷ, ಬೋಸ್ಟನ್, ಗಾಳಿಯ ದಿಕ್ಕು. ಅವರು ತಾಳ್ಮೆಯಿಂದ ಕೇಳಿ, "ಸರ್, ಬೆಲ್ಟ್ ತೆಗೆದರೆ ಸಾಕು," ಅಂದರು.

ಒಳಗೆ ಬಂದು ಕೂತ ಮೇಲೆ ಅವಳಮ್ಮನ ಫೋನು ಬಂತು. "ಹತ್ತಿಸಿದೆ," ಅಂದಳು. ಆಮೇಲೆ ಮೂಗು ಎಳೆಯುವ ಸದ್ದು ಮಾತ್ರ.

ಎದ್ದು ನಿಂತು ಕೇಳಿದೆ: "ಅತ್ತಳಾ?"

"ಅತ್ತಿದ್ದು ನಾನು."

ಆಕೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಒಂಟಿ ಮಕ್ಕಳ ಕುತ್ತಿಗೆಗೆ ದಾರದಲ್ಲಿ ಒಂದು ಗುರುತಿನ ಬಿಲ್ಲೆ ಹಾಕುತ್ತಾರೆ. ಅದನ್ನು ಹಾಕಿಕೊಂಡು ಮಗಳು ಮದುವೆಗೆ ನಿಂತವಳ ಹಾಗೆ ನಿಂತಿದ್ದಳಂತೆ. ಒಳಗೆ ಕರೆದೊಯ್ಯಲು ವಿಮಾನದ ಕಡೆಯ ಹೆಂಗಸೊಬ್ಬರು ಬಂದರು. ಅಮ್ಮ ಮೊಣಕಾಲೂರಿ ಮಗಳ ಜಾಕೆಟ್ಟಿನ ಜಿಪ್ ಎಳೆಯಲು ಕೂತವಳು ಮೇಲೇಳಲಿಲ್ಲ. ಹಾಗೇ ಅಳುತ್ತ ಕೂತುಬಿಟ್ಟಳು. ಜನ ನೋಡುತ್ತಿದ್ದರು. ಮಗಳು ಅಮ್ಮನನ್ನು ಒಮ್ಮೆ, ಆ ಹೆಂಗಸನ್ನು ಒಮ್ಮೆ ನೋಡಿದಳು. ಆಮೇಲೆ ತನ್ನ ಕುತ್ತಿಗೆಯ ಬಿಲ್ಲೆಯನ್ನು ತೆಗೆದು ಅಮ್ಮನ ಕುತ್ತಿಗೆಗೆ ಹಾಕಿದಳು.

"ಇವರು ನಮ್ಮಮ್ಮ," ಅಂದಳಂತೆ ಆ ಹೆಂಗಸಿಗೆ. "ಇವರಿಗೆ ಒಬ್ಬರೇ ಇದ್ದು ಅಭ್ಯಾಸ ಇಲ್ಲ. ನೀವು ಇವರ ಜೊತೆ ಇರಿ. ವಿಮಾನ ನಾನು ನೋಡ್ಕೋತೀನಿ."

"ಆಮೇಲೆ?" ಅಂದೆ. ನನಗೆ ನಗು, ಅಳು ಯಾವುದು ಮೊದಲು ಬರುತ್ತಿದೆ ಅಂತ ತಿಳಿಯುತ್ತಿರಲಿಲ್ಲ.

"ಆಮೇಲೇನು, ಬಿಲ್ಲೆ ವಾಪಸ್ ಇಸ್ಕೊಂಡು ಅವಳನ್ನ ಒಳಗೆ ಕೂರಿಸಿ ಬಂದ್ರು. ಬಂದು ನಿಜವಾಗ್ಲೂ ನನ್ನ ಪಕ್ಕದಲ್ಲೇ ಕೂತ್ರು. ವಿಮಾನ ಹೊರಡೋವರೆಗೂ. ಒಂಟಿ ಮಕ್ಕಳಿಗೆ ಕೊಡೋ ಜ್ಯೂಸ್ ಡಬ್ಬಿ ತಂದು ಕೊಟ್ರು."

"ಕುಡಿದ್ಯಾ?"

"ಕುಡಿದೆ. ಸ್ಟ್ರಾನೂ ಅವರೇ ಚುಚ್ಚಿ ಕೊಟ್ರು."

ಇಬ್ಬರೂ ನಕ್ಕೆವು. ಪಕ್ಕದಲ್ಲಿ ಕೂತವರು ತಿರುಗಿ ನೋಡುವಷ್ಟು ನಕ್ಕೆ. ನಗು ನಿಂತ ಮೇಲೂ ಇಬ್ಬರೂ ಫೋನ್ ಇಡಲಿಲ್ಲ.

"ಅವಳು ಹೋಗ್ತಾಳೆ," ಅಂದಳು ಆಕೆ ಕಡೆಗೆ. "ಎಲ್ಲಿಗೆ ಬೇಕಾದ್ರೂ ಹೋಗ್ತಾಳೆ. ನಾನು ಕಳಿಸ್ತೀನಾ ಅಂತ ಯಾರೂ ನನ್ನ ಕೇಳಿರ್ಲಿಲ್ಲ." ಬೋಸ್ಟನ್ ವಿಷಯ ಆಮೇಲೆ ಮಾತಾಡೋಣ ಅಂದು ಇಟ್ಟಳು. ಆಮೇಲೆ ಅಂದರೆ ಹೋಗುವುದು ಹೇಗೆ ಅಂತಲೋ, ಹೋಗುವುದೋ ಬೇಡವೋ ಅಂತಲೋ, ಕೇಳಲು ನನಗೆ ಧೈರ್ಯ ಬರಲಿಲ್ಲ.

ಈಗ ವಿಮಾನ ಬಂದಿದೆ. ಬಾಗಿಲು ತೆಗೆದಿದ್ದಾರೆ. ಆದರೆ ಒಂದು ವಿಷಯ ಹೇಳಬೇಕು. ವಿಮಾನ ಇಳಿಯುವುದು ಬೇರೆ, ಬರುವವರು ಬರುವುದು ಬೇರೆ. ವೆಬ್‌ಸೈಟಿನವರು ಎರಡು ಗಂಟೆ ಅನ್ನುವುದರಲ್ಲಿ ಈ ಕಾಯುವ ಹೊತ್ತು ಸೇರಿಲ್ಲ. ಮೊದಲು ಒಬ್ಬ ಅಜ್ಜ ಬಂದರು. ಗಿಟಾರ್ ಹೊತ್ತವಳೊಬ್ಬಳು ಬಂದಳು. ಒಂದು ಇಡೀ ಸಂಸಾರ ಬಂತು, ನಾಲ್ಕೂ ಜನ ಒಟ್ಟಿಗೆ. ಈಗ ಯಾರೂ ಬರುತ್ತಿಲ್ಲ. ಗಾಬರಿಯಾಗಬೇಕಿಲ್ಲ, ಒಂಟಿ ಮಕ್ಕಳನ್ನು ಎಲ್ಲರೂ ಇಳಿದ ಮೇಲೆ ಕಡೆಯಲ್ಲೇ ಕರೆತರುವುದು. ಯಾಕೆ ಕಡೆಯಲ್ಲಿ ಅಂದರೆ, ಮಗುವನ್ನು ತಂದೆಯ ಕೈಗೇ ಒಪ್ಪಿಸಬೇಕು, ಅದಕ್ಕೆ ಮೊದಲು ಇವನೇ ತಂದೆ ಅಂತ ಗಟ್ಟಿಮಾಡಿಕೊಳ್ಳಬೇಕು. ಅದನ್ನು ಹೇಗೆ ಮಾಡುತ್ತಾರೆ ಅಂದರೆ, ಮೊದಲು ನನ್ನ ಗುರುತಿನ ಕಾರ್ಡು ನೋಡುತ್ತಾರೆ, ಅದರಲ್ಲಿರುವ ಹೆಸರೂ ಚೀಟಿಯಲ್ಲಿರುವ ಹೆಸರೂ ಒಂದೇನಾ ಅಂತ ನೋಡುತ್ತಾರೆ, ಅಷ್ಟೂ ಸರಿಯಿದ್ದರೆ ಕಡೆಗೆ ಮಗುವನ್ನೇ ಕೇಳುತ್ತಾರೆ, ಇವರು ನಿನಗೇನಾಗಬೇಕು ಅಂತ. ಆಗ ಮಗು ಏನು ಹೇಳಬೇಕು ಅಂದರೆ

ಅಪ್ಪಾ ಅಂತ ಕೂಗಿದಳು. ಬಂದೆ ಪುಟ್ಟಿ, ಬಂದೆ